ಒಗ್ಗರಣೆ ಮಿರ್ಚಿಗೆ ಸದ್ಯಕ್ಕೆ ರಜೆ

ಬಳ್ಳಾರಿಯಲ್ಲಿದ್ದುಕೊಂಡು ಬೆಳಗಿನ ಒಗ್ಗರಣೆ ಮಿರ್ಚಿ (ಮಂಡಕ್ಕಿ ಒಗ್ಗರಣೆ, ಜೊತೆಗೆ ಮೆಣಸಿನಕಾಯಿ ಬಜ್ಜಿ) ಬಿಡುವುದೆಂದರೆ ಅರ್ಧ ಸನ್ಯಾಸವೇ ಸರಿ. ಆದರೂ ಈ ಬೇಸಿಗೆಯಲ್ಲಿ ಅದನ್ನೂ ಸಂಜೆಯ ಸಕ್ಕರೆ ಚಹಾವನ್ನೂ ಬದಿಗಿಟ್ಟು, ಹೊಟ್ಟೆಗೆ ಹಗುರವಾದ ಊಟಕ್ಕೆ ಹೊರಳಿದ್ದೇನೆ. ಡಿಟಾಕ್ಸ್ ಎಂಬ ಹೆಸರಿನಲ್ಲಿ ಮಾರಾಟವಾಗುವ ದುಬಾರಿ ಪುಡಿಗಳ ಗೊಡವೆಗೆ ಹೋಗಿಲ್ಲ. ದೇಹದ ಕಲ್ಮಶ ಕಳೆಯುವ ಕೆಲಸವನ್ನು ಯಕೃತ್ತು ಮತ್ತು ಮೂತ್ರಪಿಂಡಗಳು ಹಗಲಿರುಳು ಮಾಡುತ್ತಲೇ ಇರುತ್ತವೆ. ಎರಡೂ ಮೂತ್ರಪಿಂಡಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಒಂದೆರಡು ಲೀಟರನ್ನಷ್ಟೇ ಮೂತ್ರವಾಗಿ ಹೊರಬಿಟ್ಟು, ಉಳಿದುದನ್ನು ಮರಳಿ ರಕ್ತಕ್ಕೆ ಸೇರಿಸುತ್ತವೆ. ಇಷ್ಟು ದುಡಿಯುವ ಅಂಗಗಳಿಗೆ ಪುಡಿಯ ನೆರವು ಬೇಕಿಲ್ಲ, ನಮ್ಮ ಉಪಟಳ ಕಡಿಮೆಯಾದರೆ ಸಾಕು.

ಈಗ ತಟ್ಟೆಯಲ್ಲಿರುವುದು ಹೆಂಚಿನಿಂದ ಆಗಷ್ಟೇ ಇಳಿದ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಹಸಿ ಮೆಂತ್ಯ ಸೊಪ್ಪು ಮತ್ತು ಜೀರಿಗೆ ಹಾಕಿದ ನೀರು ಮಜ್ಜಿಗೆ. ಪುಂಡಿ ಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಕೊಡುವಾಗ ಎಣ್ಣೆಯನ್ನು ಒಂದು ಚಮಚಕ್ಕೆ ಇಳಿಸಲು ಅವ್ವ ಒಪ್ಪಿದ್ದಾಳೆ. ಉಪ್ಪಿನಕಾಯಿಯ ವಿಷಯದಲ್ಲಿ ಮಾತ್ರ ಜಗ್ಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ಹೇಳಿದರೆ, "ಹಂಗಾದ್ರ ಅವರಿಗೆ ಮಾವಿನಕಾಯಿ ರುಚಿ ಗೊತ್ತಿಲ್ಲ ಬಿಡು" ಎನ್ನುತ್ತಾಳೆ.

ತೂಕ ಇಳಿದಿದೆಯೋ ಎಂದು ನೋಡಿಲ್ಲ. ಮಧ್ಯಾಹ್ನದ ಊಟದ ನಂತರ ಕವಿಯುತ್ತಿದ್ದ ತೂಕಡಿಕೆ ಮತ್ತು ರಾತ್ರಿಯ ಎದೆಯುರಿ ತಗ್ಗಿವೆ; ಸದ್ಯಕ್ಕೆ ಅಷ್ಟೇ ಲಾಭ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವ ಗೆಳೆಯರು ಮಾತ್ರ ವೈದ್ಯರನ್ನು ಕೇಳದೆ ಊಟ ತಗ್ಗಿಸಬಾರದು.