ಕಾರಿಪುಲೆ, ಕೊತೊಮಿಲಿ, ರಾಸೊಂ: ಮಾರಿಷಸ್‌ನಲ್ಲಿ ಎಂಟು ದಿನ

ಪೋರ್ಟ್ ಲೂಯಿಸ್‌ನ ಸೆಂಟ್ರಲ್ ಮಾರ್ಕೆಟ್ಟಿನ ತರಕಾರಿ ಸಾಲಿನಲ್ಲಿ ಒಂದು ಕಟ್ಟು ಕರಿಬೇವನ್ನು ಎತ್ತಿಕೊಂಡು, ಇದಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ ಎಂದು ಕೇಳಿದೆ. ಅಂಗಡಿಯವರು "ಕಾರಿಪುಲೆ" ಎಂದರು. ಪಕ್ಕದಲ್ಲಿದ್ದ ಕೊತ್ತಂಬರಿ ಸೊಪ್ಪು "ಕೊತೊಮಿಲಿ" ಆಗಿತ್ತು, ನುಗ್ಗೆಸೊಪ್ಪು "ಬ್ರೆದ್ ಮುರುಂ", ಹೀರೆಕಾಯಿ "ಪಿಪಂಗಾಯ್". ಇವೆಲ್ಲ ತಮಿಳಿನ ಮಾತುಗಳಲ್ಲವೇ ಎಂದು ನಾನು ಹೇಳಿದಾಗ ಅವರು ಆಶ್ಚರ್ಯದಿಂದ ನನ್ನನ್ನು ನೋಡಿದರು. ಅವರ ಹಿರಿಯರು ಬಿಹಾರದ ಕಡೆಯವರು, ಮನೆಯಲ್ಲಿ ಅಜ್ಜ ಭೋಜಪುರಿ ಮಾತನಾಡುತ್ತಿದ್ದರು. ಅವರ ಮಟ್ಟಿಗೆ ಇವು ಹುಟ್ಟಿದಾರಭ್ಯ ಕೇಳಿದ, ದ್ವೀಪದ ಆಡುಮಾತಾದ ಕ್ರಿಯೋಲಿನ ಪದಗಳು, ಅಷ್ಟೇ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕರಿವೇಪ್ಪಿಲೈ, ಕೊತ್ತಮಲ್ಲಿ, ಮುರುಂಗೈ, ಪೀರ್ಕಂಗಾಯ್ ಎಂಬ ಹೆಸರುಗಳು ಸಮುದ್ರ ದಾಟಿ ಬಂದು, ಫ್ರೆಂಚ್ ನಾಲಗೆಯಲ್ಲಿ ಹೊರಳಿ, ಈಗ ಆ ದ್ವೀಪದ ಎಲ್ಲರ ಸ್ವತ್ತಾಗಿವೆ.

ಕನ್ನಡದವನಾದ ನನಗೆ ಅದರಲ್ಲಿ ಇನ್ನೊಂದು ಸಂತೋಷವೂ ಇತ್ತು. ಪಾಲು ನಮ್ಮಲ್ಲಿ ಹಾಲಾದಂತೆ, ಪೂ ಎಂಬುದು ಹೂವಾದಂತೆ, ತಮಿಳಿನ ಪೀರ್ಕಂಗಾಯಿಯ ಪಕಾರ ನಮ್ಮ ಹೀರೆಕಾಯಿಯಲ್ಲಿ ಹಕಾರವಾಗಿದೆ. ನಾವು ಬಿಟ್ಟುಬಿಟ್ಟ ಆ ಪಕಾರವನ್ನು ಹಿಂದೂ ಮಹಾಸಾಗರದ ನಡುವಿನ ಒಂದು ಸಂತೆಯಲ್ಲಿ, ಭೋಜಪುರಿ ಮೂಲದ ವ್ಯಾಪಾರಿಯೊಬ್ಬರ ಬಾಯಲ್ಲಿ, ಫ್ರೆಂಚ್ ಮೂಲದ ಭಾಷೆಯೊಂದರ ವಾಕ್ಯದೊಳಗೆ ಕೇಳುತ್ತೇನೆಂದು ನಾನು ಎಣಿಸಿರಲಿಲ್ಲ. ಕಡಲತೀರಗಳನ್ನು ನೋಡಲೆಂದು ಹಾಕಿಕೊಂಡಿದ್ದ ಎಂಟು ದಿನಗಳ ಪ್ರವಾಸ ಆ ಬೆಳಿಗ್ಗೆಯಿಂದ ಅಡುಗೆಮನೆಗಳ ಕಡೆಗೆ ತಿರುಗಿತು.

ಅದೇ ಮಾರ್ಕೆಟ್ಟಿನ ಬಳಿ, ಬೀದಿಬದಿಯ ಒಂದು ಗಾಜಿನ ಪೆಟ್ಟಿಗೆಯ ಮುಂದೆ, ನಾನು ಮೊದಲ ಬಾರಿಗೆ ದಾಲ್‌ಪುರಿ ತಿಂದೆ. ಅದನ್ನು ಯಾರೂ ಒಂದೊಂದಾಗಿ ಕೊಳ್ಳುವುದಿಲ್ಲ. "ಎನ್ ಪೇರ್", ಅಂದರೆ ಒಂದು ಜೊತೆ, ಎಂದೇ ಕೇಳಬೇಕು. ಮಾರುವವರು ಹಳದಿ ಬಣ್ಣದ, ಕರವಸ್ತ್ರದಷ್ಟು ಮೆತ್ತಗಿನ ಎರಡು ರೊಟ್ಟಿಗಳನ್ನು ಅಂಗೈ ಮೇಲೆ ಹರಡಿ, ಡಬಲ್ ಬೀನ್ಸ್ ಪಲ್ಯದಂಥ ಗಟ್ಟಿ ಸಾರನ್ನು, ರುಗಾಯ್ ಎಂಬ ಟೊಮೆಟೊ ಗೊಜ್ಜನ್ನು, ಕೊತ್ತಂಬರಿಯ "ಸಾತಿನಿ"ಯನ್ನು ಸವರಿ, "ಪಿಮಾ?" ಎಂದು ಕೇಳುತ್ತಾರೆ. ಪಿಮಾ ಎಂದರೆ ಮೆಣಸಿನಕಾಯಿ. ಹೌದೆಂದು ತಲೆಯಾಡಿಸಿದರೆ ಖಾರವನ್ನೂ ಸೇರಿಸಿ, ಸುತ್ತಿ, ಕಾಗದದಲ್ಲಿ ಕೊಡುತ್ತಾರೆ. ಕಚೇರಿಗೆ ಹೋಗುವವರು, ಶಾಲೆಯ ಮಕ್ಕಳು, ಚೀನೀ ಮೂಲದ ವರ್ತಕರು, ಆಫ್ರಿಕಾ ಮೂಲದ ಕ್ರಿಯೋಲರು, ಮುಸ್ಲಿಮರು, ಎಲ್ಲರೂ ಒಂದೇ ಸರದಿಯಲ್ಲಿ ನಿಂತು ತಿನ್ನುವ ತಿಂಡಿ ಅದು.

ಅದರ ಮಾಡುವ ಬಗೆಯನ್ನು ಮರುದಿನ, ನಾನು ಇಳಿದುಕೊಂಡಿದ್ದ ಮನೆಯ ಒಡತಿ ತಮ್ಮ ಅಡುಗೆಮನೆಯಲ್ಲಿ ತೋರಿಸಿದರು. ಬೇಳೆಯನ್ನು ಅರಿಶಿನ ಹಾಕಿ ಬೇಯಿಸಬೇಕು, ಆದರೆ ಅದು ಬೆರಳಲ್ಲಿ ಒತ್ತಿದರೆ ಮುರಿಯುವಷ್ಟೇ ಬೇಯಬೇಕು, ಮುದ್ದೆಯಾಗಬಾರದು. ನೀರನ್ನು ಬಸಿದು, ಬೇಳೆಯನ್ನು ಆರಿಸಿ, ಒಣ ಪುಡಿಯಾಗಿ ಬೀಸಿ, ಹುರಿದ ಜೀರಿಗೆ ಮತ್ತು ಉಪ್ಪು ಬೆರೆಸಬೇಕು. ಮೈದಾ ಹಿಟ್ಟಿನ ಉಂಡೆಯೊಳಗೆ ಇದನ್ನು ತುಂಬಿ, ಒಡೆಯದಂತೆ ತೆಳ್ಳಗೆ ಲಟ್ಟಿಸಿ, ಕಾವಲಿಯ ಮೇಲೆ ಎಣ್ಣೆ ಸವರಿ ಬೇಯಿಸಬೇಕು. ಹಿಟ್ಟು ಕಲೆಸಲು ಅವರು ಬಳಸಿದ್ದು ಬರಿಯ ನೀರನ್ನಲ್ಲ, ಬೇಳೆ ಬಸಿದ ನೀರನ್ನು. ಅದನ್ನು ಕಂಡಾಗ ನನಗೆ ನಮ್ಮ ಮನೆಯ ಯುಗಾದಿಯ ಬೆಳಗು ನೆನಪಾಯಿತು. ಹೂರಣಕ್ಕೆಂದು ಬೇಯಿಸಿದ ಬೇಳೆಯ ಕಟ್ಟನ್ನು ನಮ್ಮಮ್ಮ ಎಂದೂ ಚೆಲ್ಲುತ್ತಿರಲಿಲ್ಲ. ಅದರಿಂದಲೇ ಹೋಳಿಗೆ ಸಾರು ಆಗುತ್ತಿತ್ತು. ಅಲ್ಲಿ ಕಟ್ಟು ಹಿಟ್ಟಿಗೆ ಹೋಗುತ್ತದೆ, ಇಲ್ಲಿ ಸಾರಿಗೆ. ಹೂರಣಕ್ಕೆ ಬೆಲ್ಲ ಸೇರಿಸಿ ನಾವು ಹೋಳಿಗೆ ಮಾಡಿದರೆ, ಬಿಹಾರದ ಹೆಂಗಸರು ಜೀರಿಗೆ ಉಪ್ಪು ಸೇರಿಸಿ ದಾಲ್‌ಪುರಿ ಮಾಡಿದರು. ನಾವು ಹೋಳಿಗೆಯ ಮೇಲೆ ಹಾಲು ಹಾಕಿಕೊಳ್ಳುವಂತೆ ಮಾರಿಷಸ್‌ನ ಹಿಂದೂ ಮನೆಗಳಲ್ಲಿ ಶುಭಕಾರ್ಯದ ದಿನ ದಾಲ್‌ಪುರಿಯನ್ನು ಅಕ್ಕಿಯ ಖೀರಿನೊಂದಿಗೆ ತಿನ್ನುತ್ತಾರೆ ಎಂದು ಕೇಳಿದಾಗ, ಎರಡು ಅಡುಗೆಮನೆಗಳ ನಡುವಿನ ಗೋಡೆ ನನ್ನ ಮನಸ್ಸಿನಲ್ಲಿ ಬಿದ್ದುಹೋಯಿತು.

ಈ ಬೇಳೆಯ ಹಿಂದೆ ಒಂದು ಕಠಿಣ ಚರಿತ್ರೆಯಿದೆ. ಫ್ರೆಂಚರ ಕಾಲದಲ್ಲಿ, 1735ರಲ್ಲಿ ಗವರ್ನರ್ ಆಗಿ ಬಂದ ಮಾಹೆ ದ ಲಾ ಬೂರ್ದೊನೆಯ ಆಳ್ವಿಕೆಯಲ್ಲೇ ಪುದುಚೇರಿಯಿಂದ ತಮಿಳು ಕುಶಲಕರ್ಮಿಗಳನ್ನು ಬಂದರು ಕಟ್ಟಲು ತರಿಸಲಾಗಿತ್ತು. ಸಂತೆಯ ಸೊಪ್ಪಿಗೆ ತಮಿಳು ಹೆಸರು ಅಂಟಿಕೊಂಡದ್ದು ಅಂಥ ಹಳೆಯ ನಂಟಿನಿಂದ. ಬ್ರಿಟಿಷರು ದ್ವೀಪವನ್ನು 1810ರಲ್ಲಿ ವಶಪಡಿಸಿಕೊಂಡರು, 1835ರಲ್ಲಿ ಅಲ್ಲಿ ಗುಲಾಮಗಿರಿ ರದ್ದಾಯಿತು, ಕಬ್ಬಿನ ತೋಟಗಳಿಗೆ ಆಳುಗಳು ಬೇಕಾದರು. ಆ ರದ್ದತಿಗೆ ತುಸು ಮುಂಚೆಯೇ, 1834ರ ನವೆಂಬರ್ 2ರಂದು, ಅಟ್ಲಾಸ್ ಎಂಬ ಹಡಗು ಕಲ್ಕತ್ತೆಯಿಂದ 36 ಮಂದಿ ಕರಾರು ಕೂಲಿಗಳನ್ನು ತಂದಿಳಿಸಿತು. ಅಲ್ಲಿಂದ 1920ರವರೆಗೆ ಭಾರತದಿಂದ ಬಂದವರ ಸಂಖ್ಯೆ ಐದು ಲಕ್ಷದ ಹತ್ತಿರ ಮುಟ್ಟಿತು. ಕೆಲವು ಹಡಗುಗಳು ಕಲ್ಕತ್ತೆಯಿಂದ, ಕೆಲವು ಮದರಾಸಿನಿಂದ, ಕೆಲವು ಮುಂಬಯಿಯಿಂದ ಹೊರಟವು. ಹಾಗಾಗಿಯೇ ಇಂದು ಅಲ್ಲಿ ಶಿವರಾತ್ರಿಗೂ, ತಮಿಳರ ತೈಪೂಸಂ ಕಾವಡಿಗೂ, ತೆಲುಗರ ಯುಗಾದಿಗೂ, ಮರಾಠಿಗರ ಗಣೇಶ ಚೌತಿಗೂ ಸರ್ಕಾರಿ ರಜೆಯಿದೆ.

ಆ ಕೂಲಿಗಳು ಕಾಲಿಟ್ಟ ಸ್ಥಳ ಆಪ್ರವಾಸಿ ಘಾಟ್, ಬಂದರಿನ ಅಂಚಿನಲ್ಲೇ ಇದೆ. 1849ರಲ್ಲಿ ಕಟ್ಟಲು ಆರಂಭಿಸಿದ ಆ ವಲಸೆ ಕೇಂದ್ರದ ಒಂದು ಸಣ್ಣ ಭಾಗ ಮಾತ್ರ ಈಗ ಉಳಿದಿದ್ದು, 2006ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಾನು ಹೋದದ್ದು ನವೆಂಬರ್ 2ರ ರಜೆಯ ನಂತರದ ದಿನಗಳಲ್ಲಿ. ಮೆಟ್ಟಿಲುಗಳ ಮೇಲೆ ಇರಿಸಿದ್ದ ಹೂಗಳು ಬಾಡಿದ್ದರೂ ಯಾರೂ ತೆಗೆದಿರಲಿಲ್ಲ. ಕರಿಕಲ್ಲಿನ ಆ ಮೆಟ್ಟಿಲುಗಳು ಅಗಲವಾಗಿಯೂ ಇಲ್ಲ, ಎತ್ತರವಾಗಿಯೂ ಇಲ್ಲ. ಕೆಳಗೆ ನಿಂತು ಮೇಲೆ ನೋಡಿದೆ, ಮೇಲೆ ಹತ್ತಿ ಕೆಳಗೆ ನೋಡಿದೆ, ಆಮೇಲೆ ಅಡುಗೆಕೋಣೆಯ ಅವಶೇಷದ ಬಳಿ ಬಹಳ ಹೊತ್ತು ನಿಂತೆ. ಒಂದೆರಡು ದಿನ ಅಲ್ಲಿ ಕಳೆದ ಮೇಲೆ ಒಂದು ಸಂಖ್ಯೆಯಾಗಿ ತೋಟಕ್ಕೆ ಹೋಗುತ್ತಿದ್ದ ಮನುಷ್ಯನಿಗೆ, ತಿಂಗಳಿಗೆ ಐದು ರೂಪಾಯಿ ಕೂಲಿಯ ಜೊತೆಗೆ ಸಿಗುತ್ತಿದ್ದ ಪಡಿ ಅಕ್ಕಿ, ಬೇಳೆ, ಉಪ್ಪು, ಎಣ್ಣೆ. ಒಂದು ದಿನ ಕೆಲಸಕ್ಕೆ ಬಾರದಿದ್ದರೆ ಎರಡು ದಿನದ ಕೂಲಿ ಕಡಿಯುವ ಪದ್ಧತಿಯೂ ಅಲ್ಲಿತ್ತು. ಅಂಥ ಬದುಕಿನಲ್ಲಿ, ಪಡಿಯ ಬೇಳೆಯನ್ನು ಬೇಯಿಸಿ ಹಾಗೆಯೇ ಉಣ್ಣದೆ, ಬಸಿದು, ಬೀಸಿ, ತುಂಬಿ, ಲಟ್ಟಿಸಿ ಹಬ್ಬದ ಅಡುಗೆ ಮಾಡಿದ ಆ ಹೆಂಗಸರ ಹಟವನ್ನು ನಾನು ತುಂಬ ಗೌರವದಿಂದ ನೆನೆಯುತ್ತೇನೆ.

ಗಂಗಾ ತಲಾವಿಗೂ ಹೋಗಿಬಂದೆ. ಬೆಟ್ಟದ ಮೇಲಿನ ಜ್ವಾಲಾಮುಖಿ ಬಾಯಲ್ಲಿ ನಿಂತ ಆ ಕೆರೆಗೆ 1972ರಲ್ಲಿ ಗಂಗಾಜಲ ತಂದು ಸುರಿದರಂತೆ. ದಂಡೆಯ ದೇವಾಲಯಗಳು, 108 ಅಡಿಯ ಶಿವನ ವಿಗ್ರಹ, ಮೀನುಗಳು, ಮೋಡ, ತಣ್ಣನೆಯ ಗಾಳಿ. ಶಿವರಾತ್ರಿಯ ಸಮಯಕ್ಕೆ ದ್ವೀಪದ ಮೂಲೆಮೂಲೆಯಿಂದ ಜನ ಕಾಲ್ನಡಿಗೆಯಲ್ಲಿ ಬರುತ್ತಾರೆ. ಆದರೆ ದಾರಿಯುದ್ದಕ್ಕೂ ಗುಲ್‌ಮೊಹರ್ ಕೆಂಪಾಗಿ ಅರಳಿದ್ದೇ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿತು. ನಮ್ಮೂರಲ್ಲಿ ಮೇ ತಿಂಗಳಿಗೆ ಅರಳುವ ಹೂವು, ಅಲ್ಲಿ ನವೆಂಬರಿಗೇ ಅರಳುತ್ತದೆ.

ಬೆಳಗಿನ ತಿಂಡಿಗೆ ದಿನವೂ ಗಾತೊ ಪಿಮಾ ತಿಂದೆ. ನೆನೆಸಿದ ಬೇಳೆಯನ್ನು ತರಿತರಿಯಾಗಿ ರುಬ್ಬಿ, ಹಸಿಮೆಣಸು, ಈರುಳ್ಳಿ, ಸೊಪ್ಪು ಸೇರಿಸಿ ಎಣ್ಣೆಯಲ್ಲಿ ಕರಿದ ಅದು ನಮ್ಮ ಆಂಬೊಡೆಯೇ, ಸ್ವಲ್ಪ ಗುಂಡಗೆ. ಅಲ್ಲಿಯವರು ಅದನ್ನು ಫ್ರೆಂಚ್ ಬಗೆಯ ಬ್ರೆಡ್ಡಿನೊಳಗೆ ಬೆಣ್ಣೆಯೊಂದಿಗೆ ಇಟ್ಟು ತಿನ್ನುತ್ತಾರೆ. ಮಧ್ಯಾಹ್ನದ ಬಿಸಿಲಿಗೆ ಆಲುದಾ: ಹಾಲು, ನೆನೆಸಿದ ಕಾಮಕಸ್ತೂರಿ ಬೀಜ, ಅಗರ್‌ನ ಎಳೆಗಳು.

ಚಿಲ್ಲರೆಗಾಗಿ ಕೈಗೆ ಬಂದ ನೂರು ರೂಪಾಯಿಯ ನೋಟಿನಲ್ಲಿ ತಮಿಳು ಮತ್ತು ನಾಗರಿ ಅಕ್ಷರಗಳಿದ್ದವು; ಅದರ ಮೇಲಿನ ಚಿತ್ರ ಹಿಂದಿನ ಮಂತ್ರಿ ರಂಗನಾದೆನ್ ಸೀನೀವಾಸೆನ್ ಅವರದು. ರಂಗನಾಥ, ಶ್ರೀನಿವಾಸ ಎಂಬ ಎರಡು ಹೆಸರುಗಳು ಫ್ರೆಂಚ್ ಬರವಣಿಗೆಯಲ್ಲಿ ಹೀಗಾಗಿವೆ. ನಮ್ಮ ಹಳ್ಳಿಗಳಲ್ಲೂ ಶ್ರೀನಿವಾಸನನ್ನು ಸೀನ ಎಂದೇ ಕರೆಯುತ್ತಾರಲ್ಲವೇ ಎಂದು ಯೋಚಿಸುತ್ತ ಆ ನೋಟನ್ನು ಖರ್ಚು ಮಾಡದೆ ಪರ್ಸಿನ ಬೇರೆ ಅರೆಯಲ್ಲಿಟ್ಟೆ.

ಕೊನೆಯ ಭಾನುವಾರ, ನನ್ನನ್ನು ಸುತ್ತಾಡಿಸುತ್ತಿದ್ದ ಕಾರು ಚಾಲಕರು ತಮ್ಮ ಮನೆಗೆ ಊಟಕ್ಕೆ ಕರೆದರು. ಅವರದು ತಮಿಳು ಮೂಲದ ಕುಟುಂಬ, ಅಂದು ಮನೆಯಲ್ಲಿ ಪೂಜೆಯಿತ್ತು. ಬಾಳೆಲೆ ಹಾಸಿ ಏಳು ಬಗೆಯ ಪಲ್ಯ ಬಡಿಸುವ ಈ ಊಟಕ್ಕೆ ಅಲ್ಲಿ "ಸೆತ್ ಕಾರಿ" ಎನ್ನುತ್ತಾರೆ. ಹೆಸರು ಫ್ರೆಂಚಿನದು, ಎಲೆ ನಮ್ಮದು. ಹಲಸಿನಕಾಯಿ, ಸಿಹಿಗುಂಬಳ, ಬಾಳೆಕಾಯಿ, ಸೊಪ್ಪು, ಬೇಳೆ, ಎಲ್ಲಕ್ಕೂ ಕಾರಿಪುಲೆಯ ಒಗ್ಗರಣೆ. ಚಾಲಕರ ತಾಯಿ, ಎಂಬತ್ತರ ಹತ್ತಿರದವರು, ತಾವೇ ನಿಂತು ಬಡಿಸಿದರು. ಅವರಿಗೆ ಕ್ರಿಯೋಲ್ ಮತ್ತು ಫ್ರೆಂಚ್ ಮಾತ್ರ ಬರುತ್ತಿತ್ತು. ಮಗ ಇಂಗ್ಲಿಷಿಗೆ ತಿರುಗಿಸುತ್ತಿದ್ದರು. ನಾನು ಅಮ್ಮ ಎಂದು ಕರೆದದ್ದು ಮಾತ್ರ ತಿರುಗಿಸದೆಯೇ ಅವರಿಗೆ ತಿಳಿಯಿತು.

ತಮಗೆ ತಮಿಳು ಬರುವುದಿಲ್ಲವೆಂದು ಅವರು ತುಸು ಸಂಕೋಚದಿಂದಲೇ ಹೇಳಿಕೊಂಡರು. ಅವರ ಅಜ್ಜಿ ಮಾತನಾಡುತ್ತಿದ್ದರಂತೆ, ತಾಯಿ ಅರ್ಥ ಮಾಡಿಕೊಳ್ಳುತ್ತಿದ್ದರಂತೆ, ತಮ್ಮ ಕಾಲಕ್ಕೆ ಗುಡಿಯ ಮಂತ್ರಗಳಷ್ಟೇ ಉಳಿದವಂತೆ. ಅಷ್ಟರಲ್ಲಿ ಅವರು ಒಂದು ಪಾತ್ರೆಯಿಂದ ನನ್ನ ಅನ್ನದ ಮೇಲೆ ತಿಳಿಯಾದ ಹುಳಿಸಾರನ್ನು ಹಾಕಿ, "ರಾಸೊಂ" ಎಂದರು. ಮೆಣಸು, ಬೆಳ್ಳುಳ್ಳಿ, ಹುಣಸೆ. ಕಣ್ಣು ಮುಚ್ಚಿದ್ದರೆ ನಾನು ಮೈಸೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ಅವರ ಏಳೆಂಟು ವರ್ಷದ ಮೊಮ್ಮಗಳು ಉಣ್ಣುತ್ತಿದ್ದಳು. ಅಜ್ಜಿ ಅವಳ ಎಲೆಗೂ ಸೌಟನ್ನು ತಂದಾಗ ಆ ಹುಡುಗಿ ಎರಡೂ ಅಂಗೈಗಳನ್ನು ಎಲೆಯ ಮೇಲೆ ಅಡ್ಡ ಹಿಡಿದು, "ಪೋದುಂ, ಪೋದುಂ" ಎಂದಳು.

ಅದು ಯಾವ ಭಾಷೆ ಎಂದು ನಾನು ಅವಳನ್ನು ಕೇಳಿದೆ. ಅವಳು ತಂದೆಯ ಮುಖ ನೋಡಿದಳು, ತಂದೆ ತಮ್ಮ ತಾಯಿಯ ಮುಖ ನೋಡಿದರು. ಸಾಕು ಎನ್ನುವುದಕ್ಕೆ ತಮಿಳಿನಲ್ಲಿ ಹಾಗೆಯೇ ಹೇಳುತ್ತಾರೆ ಎಂದು ನಾನು ತಿಳಿಸಿದಾಗ ಆ ಹಿರಿಯಾಕೆ ಸೌಟನ್ನು ಪಾತ್ರೆಯಲ್ಲಿಟ್ಟು, ಗೋಡೆಗೆ ಆತು ಕುಳಿತು, ಆ ಪದವನ್ನು ಮೆಲ್ಲಗೆ ಎರಡು ಸಲ ತಾವೇ ಹೇಳಿಕೊಂಡರು. ಆಮೇಲೆ ಎದ್ದು, ನಾನು ಎಷ್ಟು ಬೇಡವೆಂದರೂ ಕೇಳದೆ, ನನ್ನ ಎಲೆಗೆ ಇನ್ನೊಂದು ಸೌಟು ರಾಸೊಂ ಹಾಕಿದರು.