ಮಂಡಿ ಪ್ರೊಟೊಕಾಲ್‌ಗೆ ಸಿಗದ ಟೆಂಡನ್

ಎಂಆರ್‌ಐ ಕನ್ಸೋಲ್ ಮುಂದೆ ಕೂರುವವರಿಗೆ ಈ ಫಾರಂ ಹೊಸದಲ್ಲ. "ಬಲ ಮಂಡಿ ನೋವು. ಮೆನಿಸ್ಕಸ್? ಎಸಿಎಲ್?" ಅಂದರೆ ಕೀಲಿನ ನಡುವಿನ ಮೆತ್ತೆಯೋ, ಕೀಲನ್ನು ಹಿಡಿದಿಡುವ ಒಳಗಿನ ಕಟ್ಟೋ ಹರಿದಿದೆಯಾ ಎಂದು. ಅಷ್ಟೇ. ಹೇಗೆ ಬಿದ್ದರು, ಯಾವಾಗ ಬಿದ್ದರು, ಈಗ ಏನು ಮಾಡಲು ಆಗುತ್ತಿಲ್ಲ, ಒಂದೂ ಇರುವುದಿಲ್ಲ. ನಾವು ಮಂಡಿಯ ಸಿಗ್ನಲ್ ಹಿಡಿಯುವ ನೀ ಕಾಯಿಲ್ ಹಾಕಿ, ಕೀಲಿಗೆ ಸೆಂಟರ್ ಮಾಡಿ, 16 ಸೆಂಟಿಮೀಟರ್ ಎಫ್‌ಓವಿ (ಇಮೇಜ್‌ನಲ್ಲಿ ಹಿಡಿಯುವ ಜಾಗದ ಅಳತೆ) ಇಟ್ಟು ರೂಟೀನ್ ಓಡಿಸುತ್ತೇವೆ. ಮೆನಿಸ್ಕಸ್‌ಗೆ ಅದು ಸಾಕು. ತೊಡೆ ಕಡೆಯಿಂದ ಬಂದು ಮಂಡಿ ಚಿಪ್ಪಿಗೆ ಸೇರುವ ಕ್ವಾಡ್ರಿಸೆಪ್ಸ್ ಟೆಂಡನ್ (ತೊಡೆಯ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರುಪಟ್ಟಿ) ಹರಿದಿದ್ದರೆ ಸಾಲದು. ಈ ಒಂದು ವಿಷಯಕ್ಕೆ ನಾನು ಇನ್ನೂ ಜಗಳ ಆಡುತ್ತಿದ್ದೇನೆ.

ಅವತ್ತು ಬಂದವರು 50 ದಾಟಿದವರು. ಮೆಟ್ಟಿಲು ಇಳಿಯುವಾಗ ಜಾರಿದ್ದರು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ ಎಂದು ನೋವಿನ ಮಾತ್ರೆ ಕೊಟ್ಟು ಕಳಿಸಿದ್ದರಂತೆ. ಸೇಫ್ಟಿ ಫಾರಂನಲ್ಲಿ ಸಕ್ಕರೆ ಕಾಯಿಲೆ, ಡಯಾಲಿಸಿಸ್ ಎರಡಕ್ಕೂ ಟಿಕ್ ಇತ್ತು. ಟೇಬಲ್ ಮೇಲೆ ಮಲಗುವಾಗ ಅವರು ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ ಇಟ್ಟುಕೊಂಡರು.

"ಸರ್, ಕೈಯಲ್ಲಿ ಹಿಡೀದೆ ಕಾಲು ಎತ್ತಕ್ಕೆ ಆಗತ್ತಾ?" ಅಂತ ಕೇಳಿದೆ.

"ಬಿದ್ದ ದಿನದಿಂದ ಆಗ್ತಾನೇ ಇಲ್ಲಮ್ಮ. ಡಾಕ್ಟರಿಗೂ ಹೇಳಿದೆ. ನೋವಿಗೆ ಹಾಗೆ ಆಗತ್ತೆ ಅಂದ್ರು."

ಲೋಕಲೈಸರ್ (ಜಾಗ ಗುರುತಿಸಲು ಮೊದಲು ತೆಗೆಯುವ ಇಮೇಜ್) ಬಂತು. ಚಿಪ್ಪು ಇರಬೇಕಾದ ಜಾಗಕ್ಕಿಂತ ಕೆಳಗೆ ಕೂತಿತ್ತು. ಅದರ ಕೆಳಗಿನ ಪಟೆಲ್ಲರ್ ಟೆಂಡನ್ ಸಡಿಲ ಬಿಟ್ಟ ಹಗ್ಗದ ಹಾಗೆ ಅಲೆ ಅಲೆಯಾಗಿತ್ತು. ಪಕ್ಕದಲ್ಲಿದ್ದ ಜೂನಿಯರ್ ಹುಡುಗ, "ಮೇಡಂ, ಕಾಲು ಪೂರ್ತಿ ಚಾಚಿದಾರಲ್ಲ, ಅದಕ್ಕೇ ಹಾಗೆ ಕಾಣ್ತಿರಬಹುದು" ಅಂದ. ಅವನ ಮಾತು ಸುಳ್ಳಲ್ಲ. ಮಂಡಿ ಪೂರ್ತಿ ನೇರ ಇದ್ದಾಗ ಚೆನ್ನಾಗಿರುವ ಟೆಂಡನ್ ಕೂಡ ಸ್ವಲ್ಪ ಸೊಟ್ಟ ಕಾಣುತ್ತದೆ. ಆದರೆ ಅದರಿಂದ ಚಿಪ್ಪು ಇಷ್ಟು ಕೆಳಗೆ ಇಳಿಯುವುದಿಲ್ಲ. ಪಟೆಲ್ಲರ್ ಟೆಂಡನ್‌ನ ಉದ್ದವನ್ನು ಚಿಪ್ಪಿನ ಉದ್ದಕ್ಕೆ ಹೋಲಿಸುವ ಇನ್‌ಸಾಲ್-ಸಾಲ್ವಾಟಿ ಅಳತೆ 0.8 ರಿಂದ 1.2ರ ಒಳಗೆ ಇರಬೇಕು. ಇಲ್ಲಿ 0.8 ಕೂಡ ಇರಲಿಲ್ಲ.

ಮೊದಲ ಸ್ಯಾಜಿಟಲ್ (ಪಕ್ಕದಿಂದ ನೋಡಿದಂತೆ ಕಾಣುವ) ಪಿಡಿ ಫ್ಯಾಟ್‌ಸ್ಯಾಟ್, ಅಂದರೆ ಕೊಬ್ಬನ್ನು ಕಪ್ಪಾಗಿಸುವ ಇಮೇಜ್, ಬಂದಾಗ ಚಿಪ್ಪಿನ ಮೇಲಂಚಿನಲ್ಲಿ ಬೆಳ್ಳಗೆ ಕಂಡಿತು. ಅಲ್ಲಿಂದ ಸ್ವಲ್ಪ ಮೇಲೆ ಹೋಗುವಷ್ಟರಲ್ಲಿ ಇಮೇಜ್ ಮುಗಿದೇ ಹೋಯಿತು. ಬೇಕಾದ ಜಾಗ ಫ್ರೇಮಿನ ಆಚೆ.

"ಮ್ಯಾಜಿಕ್ ಆಂಗಲ್ ಅಲ್ವಾ ಮೇಡಂ?"

ಟೆಂಡನ್ ನಾರುಗಳು ಯಂತ್ರದ ಮುಖ್ಯ ಕಾಂತಕ್ಷೇತ್ರಕ್ಕೆ (ಫೀಲ್ಡ್) ಸುಮಾರು 55 ಡಿಗ್ರಿ ಓರೆಯಾಗಿದ್ದರೆ, ಟಿಇ (ಸಿಗ್ನಲ್ ಓದುವ ಮೊದಲು ಕಾಯುವ ಸಮಯ) ಕಡಿಮೆ ಇರುವ ಸೀಕ್ವೆನ್ಸ್‌ನಲ್ಲಿ ಏನೂ ಆಗದ ಟೆಂಡನ್ ಕೂಡ ಬೆಳ್ಳಗೆ ಹೊಳೆಯುತ್ತದೆ. ನಮ್ಮ ಪಿಡಿ ಅಂಥದ್ದೇ. ಆದರೆ ಮಲಗಿದವರ ಕ್ವಾಡ್ರಿಸೆಪ್ಸ್ ಟೆಂಡನ್ ಹೆಚ್ಚುಕಡಿಮೆ ಫೀಲ್ಡ್‌ನ ದಿಕ್ಕಿಗೇ ಇರುತ್ತದೆ. ಅಲ್ಲಿ ಮ್ಯಾಜಿಕ್ ಆಂಗಲ್‌ಗೆ ಜಾಗವಿಲ್ಲ. ಇನ್ನೊಂದು ಅನುಮಾನ ಪಟ್ಟಿಗಳದ್ದು. ಆ ಟೆಂಡನ್ ಪದರ ಪದರವಾಗಿರುತ್ತದೆ, ನಡುವೆ ಕೊಬ್ಬಿನ ಗೆರೆಗಳಿರುತ್ತವೆ. ಹೊಸಬರು ಆ ಗೆರೆಗಳನ್ನೇ ಹರಿದದ್ದು ಅಂದುಕೊಳ್ಳುತ್ತಾರೆ. ಆದರೆ ಫ್ಯಾಟ್‌ಸ್ಯಾಟ್‌ನಲ್ಲಿ ಕೊಬ್ಬು ಕಪ್ಪಾಗಬೇಕು. ಇದು ಬೆಳ್ಳಗೇ ಉಳಿದಿತ್ತು.

ರೇಡಿಯಾಲಜಿಸ್ಟ್‌ಗೆ ಫೋನ್ ಮಾಡಿದೆ. ಎತ್ತಲಿಲ್ಲ. ಫ್ರಂಟ್ ಡೆಸ್ಕ್‌ನಿಂದ ಕರೆ ಬಂತು: ಮುಂದಿನವರು ಬಟ್ಟೆ ಬದಲಿಸಿ ಕಾಯುತ್ತಿದ್ದಾರೆ. ಒಳಗಿನಿಂದ ಇವರು ಬೆಲ್ ಒತ್ತಿದರು. ಕಾಲು ನಡುಗುತ್ತಿದೆ, ಇನ್ನು ತಡೆಯಲು ಆಗುವುದಿಲ್ಲ ಎಂದರು. ರೂಟೀನ್ ಮುಗಿಸಿ ಇಳಿಸಿಬಿಡಬಹುದಿತ್ತು. ಕೇಳಿದ ಮೆನಿಸ್ಕಸ್ ಪೂರ್ತಿ ಬಂದಿರುತ್ತಿತ್ತು, ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ ಡಯಾಲಿಸಿಸ್‌ಗೆ ಹೋಗುವವರನ್ನು ಇನ್ನೊಂದು ದಿನ ಬನ್ನಿ ಅಂತ ಹೇಗೆ ಹೇಳುವುದು? ಅವರನ್ನು ಹೊರಗೆ ಎಳೆದು, ನೀರು ಕುಡಿಸಿ, ಇನ್ನೊಂದು ಸ್ವಲ್ಪ ಹೊತ್ತು ತಡೆಯುತ್ತೀರಾ ಅಂತ ಕೇಳಿದೆ. ಯಾಕೆ ಬೇಕು ಅಂತಲೂ ಹೇಳಿದೆ. "ಯಾರಾದ್ರೂ ನೋಡಿದ್ರೆ ಸಾಕು, ಮಾಡಿ" ಅಂದರು.

ಅಷ್ಟರಲ್ಲಿ ರೇಡಿಯಾಲಜಿಸ್ಟ್ ಡಾಕ್ಟರು ತಾವಾಗಿಯೇ ಫೋನ್ ಮಾಡಿದರು. ಕಾಲು ಎತ್ತಲು ಆಗುತ್ತಿಲ್ಲ ಅಂದಿದ್ದೇ ತಡ, "ಮೇಲಕ್ಕೆ ಹೋಗಿ. ಟಿ2 ಹಾಕಿ. ತೊಡೆವರೆಗೂ ಆಕ್ಸಿಯಲ್ ತಗೊಳ್ಳಿ" ಎಂದರು. ಟಿ2 ಅಂದರೆ ಟಿಇ ಹೆಚ್ಚಿರುವ ಸೀಕ್ವೆನ್ಸ್, ಆಕ್ಸಿಯಲ್ ಅಂದರೆ ಕಾಲಿನ ಅಡ್ಡ ಸೀಳುಗಳು. ನೀ ಕಾಯಿಲ್ ಅಷ್ಟು ಮೇಲಕ್ಕೆ ಸಿಗ್ನಲ್ ಕೊಡುವುದಿಲ್ಲ. ಅದನ್ನು ತೆಗೆದು ಫ್ಲೆಕ್ಸ್ ಕಾಯಿಲ್ ಸುತ್ತಿದೆವು. ಮಂಡಿ ಕೆಳಗೆ ಸಣ್ಣ ಪ್ಯಾಡ್ ಇಟ್ಟೆವು. ಎಫ್‌ಓವಿ 24.

ಟಿಇ ಜಾಸ್ತಿ ಮಾಡಿದ ಮೇಲೂ ಆ ಜಾಗ ಬೆಳ್ಳಗೇ ಇತ್ತು. ಚಿಪ್ಪಿನ ಮೇಲೆ ಪೂರ್ತಿ ಖಾಲಿ, ಅಲ್ಲಿ ದ್ರವ ತುಂಬಿತ್ತು. ಟೆಂಡನ್‌ನ ತುದಿ ಮೇಲಕ್ಕೆ ಸರಿದು ನಿಂತಿತ್ತು. ಆಕ್ಸಿಯಲ್‌ನಲ್ಲಿ ಒಂದೊಂದೇ ಪದರ ನೋಡಿದೆವು, ಯಾವುದೂ ಉಳಿದಿರಲಿಲ್ಲ. ಡಾಕ್ಟರು ಬಂದು ಅಲ್ಟ್ರಾಸೌಂಡ್ ಪ್ರೋಬ್ ಕೂಡ ಇಟ್ಟರು. ಪ್ರೋಬ್ ಸ್ವಲ್ಪ ಓರೆಯಾದರೆ ಅದರಲ್ಲಿ ಚೆನ್ನಾಗಿರುವ ಟೆಂಡನ್ ಕಪ್ಪಾಗಿ ಕಾಣುತ್ತದೆ, ಹಾಗಾಗಿ ನೇರ ಹಿಡಿದು ನಿಧಾನವಾಗಿ ನೋಡಿದರು. ಮಂಡಿ ಸ್ವಲ್ಪ ಬಗ್ಗಿಸಿದಾಗ ಸಂದಿ ಅಗಲವಾಯಿತು. ಈ ಅಲುಗಾಟ ಎಂಆರ್‌ಐ ತೋರಿಸುವುದಿಲ್ಲ. ಅವತ್ತೇ ಸರ್ಜನ್‌ಗೆ ವರದಿ ಹೋಯಿತು.

ಯಾಕೆ ಇಷ್ಟು ಅವಸರ ಅಂದರೆ, ಪೂರ್ತಿ ಹರಿದ ಕ್ವಾಡ್ರಿಸೆಪ್ಸ್ ಟೆಂಡನ್ ಮಾತ್ರೆಯಿಂದ ಕೂಡುವುದಿಲ್ಲ. ಬೇಗ ಹೊಲಿಯಬೇಕು. ವಾರಗಳು ಕಳೆದ ಹಾಗೆ ತೊಡೆಯ ಸ್ನಾಯು ಮೇಲಕ್ಕೆ ಎಳೆದುಕೊಂಡು ಅಲ್ಲೇ ಅಂಟಿಕೊಳ್ಳುತ್ತದೆ. ಆಮೇಲೆ ತುದಿಗಳನ್ನು ಸೇರಿಸುವುದೇ ಕಷ್ಟ. ಸರ್ಜನ್ ಕೇಳಿದ್ದು ಕೂಡ ಅದನ್ನೇ: ಪೂರ್ತಿಯೋ ಅರ್ಧವೋ, ಸಂದಿ ಎಷ್ಟು, ತುದಿ ಹೇಗಿದೆ. 16 ಸೆಂಟಿಮೀಟರಿನ ಇಮೇಜ್‌ನಲ್ಲಿ ಈ ಮೂರಕ್ಕೂ ಉತ್ತರ ಇರಲಿಲ್ಲ.

ಈಗ ನಮ್ಮ ಹುಡುಗರು ಬಟ್ಟೆ ಬದಲಿಸುವ ಕೋಣೆ ಹತ್ತಿರವೇ ಕಾಲು ಎತ್ತಿಸಿ ನೋಡುತ್ತಾರೆ. 40 ದಾಟಿದವರಲ್ಲಿ ಹೆಚ್ಚಾಗಿ ಚಿಪ್ಪಿನ ಮೇಲಿನ ಟೆಂಡನ್ ಹರಿಯುತ್ತದೆ, ಚಿಪ್ಪು ಕೆಳಗೆ ಇಳಿಯುತ್ತದೆ. ಅದಕ್ಕಿಂತ ಚಿಕ್ಕವರಲ್ಲಿ ಕೆಳಗಿನದು ಹರಿದು ಚಿಪ್ಪು ಮೇಲಕ್ಕೆ ಹೋಗುವುದು ಜಾಸ್ತಿ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಸ್ಟೀರಾಯ್ಡ್ ಇದ್ದರೆ ಲೋಕಲೈಸರ್ ಅನ್ನು ಇನ್ನಷ್ಟು ಗಮನವಿಟ್ಟು ನೋಡಿ ಅಂತ ಹೇಳಿದ್ದೇನೆ.

ಮ್ಯಾನೇಜ್‌ಮೆಂಟ್‌ನಿಂದ ಬಂದದ್ದು ಒಂದೇ ಮೇಲ್: ಸ್ಲಾಟ್ ಮೀರಿದ್ದು ಯಾಕೆ? ಸ್ಲಾಟ್ ಪಟ್ಟಿಯಲ್ಲಿ ಮಂಡಿಗೆ ಒಂದೇ ಹೆಸರು, ಒಂದೇ ಸಮಯ. ಎಕ್ಸ್‌ಟೆನ್ಸರ್ ಮೆಕ್ಯಾನಿಸಂಗೆ (ಮಂಡಿ ಚಾಚಿಸುವ ಸ್ನಾಯು, ಚಿಪ್ಪು, ಟೆಂಡನ್‌ಗಳಿಗೆ) ಬೇರೆ ಪ್ರೊಟೊಕಾಲ್, ಬೇರೆ ಸಮಯ ಕೊಡಿ ಅಂತ ಬರೆದು ಕೊಟ್ಟಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಮುಂದಿನ ಮೀಟಿಂಗ್‌ಗೆ ಹೆಸರು ತೆಗೆದ ಆ ಎರಡು ಸ್ಯಾಜಿಟಲ್ ಇಮೇಜ್‌ಗಳನ್ನು ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ. ಒಂದು 16ರದ್ದು, ಇನ್ನೊಂದು 24ರದ್ದು.