ಡಾಸ್ ಅಜ್ಜನನ್ನು ಹುಡುಕಿಕೊಂಡು ಚಾಟನೂಗಕ್ಕೆ

ಅಪ್ಪ-ಅಮ್ಮ ಮೈಸೂರಿನಿಂದ ಅಟ್ಲಾಂಟಾದ ನಮ್ಮ ಮನೆಗೆ ಬಂದು ಒಂದು ತಿಂಗಳಾಗಿತ್ತು. ಅಕ್ವೇರಿಯಂ ಆಯ್ತು, ಕೋಕಾ-ಕೋಲಾ ಮ್ಯೂಸಿಯಂ ಆಯ್ತು, ದೇವಸ್ಥಾನ ಎರಡು ಸಲ ಆಯ್ತು. ಇನ್ನೇನು ನೋಡ್ತೀಯಪ್ಪ ಅಂತ ಕೇಳಿದೆ. "ಆ ಬಂದೂಕು ಮುಟ್ಟದ ಸಿಪಾಯಿಯ ಸಮಾಧಿ ಇಲ್ಲೇ ಎಲ್ಲೋ ಹತ್ತಿರ ಇದೆಯಂತಲ್ಲ, ಅಲ್ಲಿಗೆ ಕರ್ಕೊಂಡು ಹೋಗು" ಅಂದರು.

ಅಪ್ಪನಿಗೆ 79 ವರ್ಷ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಗೆ ಮೆಷಿನ್. ಸಿನಿಮಾ ನೋಡುವುದೆಲ್ಲ ಕೆಳಗೆ ಅಕ್ಷರ ಓಡುತ್ತಿದ್ದರೆ ಮಾತ್ರ. ಡೆಸ್ಮಂಡ್ ಡಾಸ್ ಬಗ್ಗೆ 2016ರಲ್ಲಿ ಬಂದ ಹಾಲಿವುಡ್ ಸಿನಿಮಾವನ್ನು ಹಾಗೇ ಮೂರು ಸಲ ನೋಡಿದ್ದರು. ನಾನು ಒಂದೇ ಸಲ ನೋಡಿದ್ದೆ, ಅದೂ ಅರ್ಧ ನಿದ್ದೆಯಲ್ಲಿ.

ಶನಿವಾರ ಬೆಳಿಗ್ಗೆ ಟೆನ್ನೆಸ್ಸಿ ರಾಜ್ಯದ ಚಾಟನೂಗಕ್ಕೆ ಹೊರಟೆವು. 75ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಎರಡು ಗಂಟೆಯ ದಾರಿ. ಅಕ್ಟೋಬರ್ ತಿಂಗಳು, ಮರಗಳು ಆಗಷ್ಟೇ ಕೆಂಪಾಗುತ್ತಿದ್ದವು. ಡಾಲ್ಟನ್ ದಾಟುವಾಗ, ಅಮೆರಿಕದ ಕಾರ್ಪೆಟ್ ಜಾಸ್ತಿ ತಯಾರಾಗುವುದು ಇಲ್ಲೇ ಅಂದೆ. ಅಪ್ಪನಿಗೆ ಕೇಳಿಸಲಿಲ್ಲ. ಅಮ್ಮ ಅವರ ಬಲಗಿವಿಗೆ ಬಾಗಿ "ಕಾರ್ಪೆಟ್ಟು, ಕಾರ್ಪೆಟ್ಟು" ಅಂತ ಕೂಗಿದರು. ನಮ್ಮ ಮನೆಯಲ್ಲಿ ಎಲ್ಲ ಸುದ್ದಿಯೂ ಅಪ್ಪನಿಗೆ ತಲುಪುವುದು ಹೀಗೆ, ಎರಡನೇ ಪ್ರಸಾರದಲ್ಲಿ.

ಚಾಟನೂಗ ರಾಷ್ಟ್ರೀಯ ಸ್ಮಶಾನ ಊರ ಮಧ್ಯೆಯೇ ಇದೆ. 1863ರಲ್ಲಿ, ಅಮೆರಿಕದ ಉತ್ತರ-ದಕ್ಷಿಣ ರಾಜ್ಯಗಳ ಅಂತರ್ಯುದ್ಧ ನಡೆಯುತ್ತಿರುವಾಗಲೇ, ಜನರಲ್ ಜಾರ್ಜ್ ಥಾಮಸ್ ಮಾಡಿಸಿದ್ದು. ಸಣ್ಣ ಗುಡ್ಡ, ಅದರ ಸುತ್ತ ಬಿಳಿ ಕಲ್ಲುಗಳ ಸಾಲು. ಒಳಗೆ ಹೋದರೆ ಕಣ್ಣಿಗೆ ಬೀಳುವುದು ಒಂದು ಕಂಚಿನ ರೈಲು ಎಂಜಿನ್. 1862ರಲ್ಲಿ ಉತ್ತರದ ಕಡೆಯವರು ಜಾರ್ಜಿಯಾದಲ್ಲಿ ಒಂದು ರೈಲನ್ನೇ ಕದ್ದು ಓಡಿಸಿಕೊಂಡು ಬಂದಿದ್ದರು. ಸಿಕ್ಕಿಬಿದ್ದ ಎಂಟು ಜನರನ್ನು ಗಲ್ಲಿಗೇರಿಸಿದರು. ಅವರ ಗೋರಿಗಳು ಇಲ್ಲಿವೆ. ಅಮೆರಿಕದ ಅತಿ ದೊಡ್ಡ ಸೈನಿಕ ಪದಕ ಮೆಡಲ್ ಆಫ್ ಆನರ್ ಮೊಟ್ಟಮೊದಲು ಸಿಕ್ಕಿದ್ದು ಈ ತಂಡದವರಿಗೇ. ಅಪ್ಪನಿಗೆ ರೈಲು ಕದ್ದ ಕಥೆ ಭಾರೀ ಹಿಡಿಸಿತು. ಡಾಸ್‌ನನ್ನು ಮರೆತು ಅಲ್ಲೇ ಹತ್ತು ನಿಮಿಷ ನಿಂತರು.

ಡಾಸ್ ಇರುವುದು ಪಿ ವಿಭಾಗದಲ್ಲಿ. ಎಲ್ಲರದರ ಹಾಗೇ ಬಿಳಿ ಕಲ್ಲು. ಆದರೆ ಮೆಡಲ್ ಆಫ್ ಆನರ್ ಬಂದವರ ಕಲ್ಲಿನ ಮೇಲಿನ ಅಕ್ಷರಕ್ಕೆ ಚಿನ್ನದ ಬಣ್ಣ. ಯಾರೋ ಚಿಕ್ಕ ಬಾವುಟ ನೆಟ್ಟು ಹೋಗಿದ್ದರು. ಅಪ್ಪ ಟೋಪಿ ತೆಗೆದು ಕೈ ಮುಗಿದರು.

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಡಾಸ್ ಹುಟ್ಟಿದ್ದು 1919ರಲ್ಲಿ, ವರ್ಜೀನಿಯಾದ ಲಿಂಚ್‌ಬರ್ಗ್‌ನಲ್ಲಿ. ಅವರಪ್ಪ ಬಡಗಿ. ಸೆವೆಂತ್ ಡೇ ಅಡ್ವೆಂಟಿಸ್ಟ್ ಕ್ರೈಸ್ತರು, ಅಂದರೆ ಭಾನುವಾರದ ಬದಲು ಶನಿವಾರ ದೇವರ ದಿನ ಅಂತ ನಡೆದುಕೊಳ್ಳುವವರು. "ಕೊಲ್ಲಬೇಡ" ಎಂಬ ಮಾತನ್ನು ಡಾಸ್ ಅಕ್ಷರಶಃ ಹಿಡಿದುಕೊಂಡಿದ್ದರು. ಹಡಗುಕಟ್ಟೆಯಲ್ಲಿ ಕೆಲಸ ಇತ್ತು, ಬೇಕಿದ್ದರೆ ಸೈನ್ಯದಿಂದ ತಪ್ಪಿಸಿಕೊಳ್ಳಬಹುದಿತ್ತು. ಆದರೂ ಎರಡನೇ ಮಹಾಯುದ್ಧ ನಡೆಯುತ್ತಿದ್ದ 1942ರ ಏಪ್ರಿಲ್‌ನಲ್ಲಿ ಸೇರಿದರು. ಗಾಯಾಳುಗಳ ಸೇವೆ ಮಾಡುತ್ತೇನೆ, ಬಂದೂಕು ಮಾತ್ರ ಮುಟ್ಟುವುದಿಲ್ಲ ಅಂದರು. ರಾತ್ರಿ ಪ್ರಾರ್ಥನೆಗೆ ಮೊಣಕಾಲೂರಿದರೆ ಜೊತೆಯವರು ಬೂಟು ಎಸೆಯುತ್ತಿದ್ದರಂತೆ.

ಜಪಾನಿನ ಓಕಿನಾವ ದ್ವೀಪದ ಮಾಯೆದಾ ಗುಡ್ಡ, ಅಮೆರಿಕನ್ನರ ಬಾಯಲ್ಲಿ ಹ್ಯಾಕ್ಸಾ ರಿಡ್ಜ್. 1945ರ ಮೇ 5. ಅದೂ ಶನಿವಾರವೇ. ಜಪಾನಿಯರ ದಾಳಿಗೆ ಉಳಿದವರೆಲ್ಲ ಕೆಳಗಿಳಿದರು. ಡಾಸ್ ಒಬ್ಬರೇ ಮೇಲೆ ಉಳಿದು ಗಾಯಾಳುಗಳನ್ನು ಒಬ್ಬೊಬ್ಬರಾಗಿ ಎಳೆದು ತಂದು, ಹಗ್ಗ ಕಟ್ಟಿ, ಕಡಿದಾದ ಬಂಡೆಯಿಂದ ಕೆಳಕ್ಕೆ ಇಳಿಸಿದರು. ತರಬೇತಿಯ ವೇಳೆ ಹಗ್ಗ ಮಡಚಿ ಗಂಟು ಹಾಕಿದಾಗ ಒಂದು ಕುಣಿಕೆಯ ಬದಲು ಎರಡು ಕುಣಿಕೆ ಬಂದಿತ್ತಂತೆ. ಆವತ್ತು ಗಾಯಾಳುಗಳ ಎರಡು ಕಾಲಿಗೆ ಆ ಎರಡು ಕುಣಿಕೆಗಳೇ ಆದವು. ಎಷ್ಟು ಜನರನ್ನು ಉಳಿಸಿದಿರಿ ಅಂದರೆ ಡಾಸ್ 50 ಅಂದರು, ಸೈನ್ಯದವರು 100 ಅಂದರು. ಕೊನೆಗೆ ಪ್ರಶಸ್ತಿ ಪತ್ರದಲ್ಲಿ 75 ಅಂತಾಯಿತು. "ಚೌಕಾಸಿಯಲ್ಲಿ ತನ್ನದನ್ನೇ ಕಮ್ಮಿ ಮಾಡಿಕೊಂಡ ಮನುಷ್ಯ" ಅಂದರು ಅಪ್ಪ.

ಕೆಲವು ದಿನ ಬಿಟ್ಟು ಗ್ರೆನೇಡ್ ಸಿಡಿದು ಅವರ ಕಾಲೆಲ್ಲ ಚೂರು ಹೊಕ್ಕವು. ಸ್ಟ್ರೆಚರ್ ಬಂದಾಗ, ನನಗಿಂತ ಅವನಿಗೆ ಜಾಸ್ತಿ ಪೆಟ್ಟಾಗಿದೆ ಅಂತ ಇನ್ನೊಬ್ಬನಿಗೆ ಬಿಟ್ಟುಕೊಟ್ಟರು. ಆಮೇಲೆ ಗುಂಡು ಬಿದ್ದು ತೋಳಿನ ಮೂಳೆ ಮುರಿಯಿತು. ಬಂದೂಕಿನ ಮರದ ಹಿಡಿಯನ್ನು ತೋಳಿಗೆ ಆಸರೆ ಕಟ್ಟಿಕೊಂಡರು. ಯುದ್ಧದುದ್ದಕ್ಕೂ ಅವರು ಬಂದೂಕನ್ನು ಬಳಸಿದ್ದು ಅಷ್ಟಕ್ಕೇ. ಅಕ್ಟೋಬರ್ 12ರಂದು ಅಧ್ಯಕ್ಷ ಟ್ರೂಮನ್ ಪದಕ ಹಾಕಿದರು.

ಸಿನಿಮಾದ ಕಥೆ ಗುಡ್ಡದಲ್ಲೇ ಮುಗಿಯುತ್ತದೆ. ಕಲ್ಲಿನ ಮೇಲೆ ನೋಡಿದರೆ ಡಾಸ್ ತೀರಿಕೊಂಡದ್ದು 2006ರ ಮಾರ್ಚ್ 23ರಂದು, 87ನೇ ವಯಸ್ಸಿಗೆ. ಮಧ್ಯದ 60 ವರ್ಷ ಏನು ಮಾಡುತ್ತಿದ್ದರು? ಇದು ಅಪ್ಪ ಕೇಳಿದ ಪ್ರಶ್ನೆ. ಅದಕ್ಕೇ ಮಧ್ಯಾಹ್ನ ಬುತ್ತಿಯ ಚಪಾತಿ ತಿಂದು ರೈಸಿಂಗ್ ಫಾನ್ ಕಡೆಗೆ ಕಾರು ತಿರುಗಿಸಿದೆ. ಊರಿನ ಹೆಸರೇ ಚೆಂದ, ಏಳುತ್ತಿರುವ ಜಿಂಕೆಮರಿ! ಲುಕೌಟ್ ಬೆಟ್ಟದ ಬುಡದ ಆ ಹಳ್ಳಿಯಲ್ಲೇ ಡಾಸ್ ಸಂಸಾರ ಒಂದು ಸಣ್ಣ ತೋಟ ಮಾಡಿಕೊಂಡಿತ್ತು.

ದಾರಿಯಲ್ಲಿ ನನಗೆ ಗೊತ್ತಿದ್ದಷ್ಟು ಹೇಳಿದೆ. ಯುದ್ಧದಿಂದ ಡಾಸ್ ಕ್ಷಯ ಹತ್ತಿಸಿಕೊಂಡು ಬಂದಿದ್ದರು. ಐದಾರು ವರ್ಷ ಆಸ್ಪತ್ರೆಯಲ್ಲೇ ಕಳೆದರು. ಒಂದು ಶ್ವಾಸಕೋಶ ಹೋಯಿತು, ಐದು ಪಕ್ಕೆಲುಬು ತೆಗೆದರು. ಮುರಿದ ತೋಳು ಸರಿಯಾಗಲೇ ಇಲ್ಲ, ಬಡಗಿ ಕೆಲಸದ ಆಸೆ ಬಿಡಬೇಕಾಯಿತು. 1946ರಲ್ಲಿ ಮಗ ಹುಟ್ಟಿದ್ದ. ಮನೆ ನಡೆಸಿದ್ದು ಹೆಂಡತಿ ಡೊರೊಥಿ. ಸಿನಿಮಾದಲ್ಲಿ ಆಕೆ ಮದುವೆಗೆ ಮೊದಲೇ ನರ್ಸ್. ನಿಜವಾಗಿ ಆಕೆ ನರ್ಸ್ ಆದದ್ದು ಯುದ್ಧ ಮುಗಿದ ಮೇಲೆ, ಗಂಡನಿಗೆ ದುಡಿಯಲಾಗದು ಅಂತಾದ ಮೇಲೆ. ಈ ಬದಲಾವಣೆ ಯಾಕೆ ಮಾಡಿದರೋ ನನಗಂತೂ ಬೇಜಾರು. ನಿಜವೇ ಜಾಸ್ತಿ ಚೆನ್ನಾಗಿತ್ತು, ಅಲ್ವಾ?

"ಆಮೇಲೆ?" ಅಂದರು ಅಪ್ಪ.

ಆಮೇಲೆ 1976ರಲ್ಲಿ, ಆಂಟಿಬಯಾಟಿಕ್ ಅತಿಯಾಗಿ ಎರಡೂ ಕಿವಿ ಹೋದವು. ಪೂರ್ತಿ. 1988ರಲ್ಲಿ ಕಿವಿಯೊಳಗೆ ಕೂರಿಸುವ ಕಾಕ್ಲಿಯರ್ ಸಾಧನ ಇಟ್ಟ ಮೇಲೆ ಸ್ವಲ್ಪ ಕೇಳಿಸತೊಡಗಿತು.

ಅಮ್ಮ ಇದನ್ನು ಅಪ್ಪನ ಕಿವಿಗೆ ದಾಟಿಸಿದರು. ಅಪ್ಪ ಬೆರಳು ಮಡಚಿ ಲೆಕ್ಕ ಹಾಕಿದರು. "ಹನ್ನೆರಡು ವರ್ಷ. ಅಷ್ಟು ವರ್ಷ ಆಕೆ ಇವನ ಹತ್ತಿರ ಹೇಗೆ ಮಾತಾಡಿದಳೋ."

"ನಾನು ಆಡ್ತಿಲ್ವಾ" ಅಂದರು ಅಮ್ಮ, ಮೆಲ್ಲಗೆ. ಅದನ್ನು ಮಾತ್ರ ಅವರ ಕಿವಿಗೆ ದಾಟಿಸಲಿಲ್ಲ.

ಡೊರೊಥಿ ಮುಂದೇನಾದಳು ಅಂತ ಅಮ್ಮನೇ ಕೇಳಿದರು. ಕ್ಯಾನ್ಸರ್ ಬಂತು ಅಂದೆ. 1991ರ ನವೆಂಬರ್ 17ರಂದು ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಕಾರು ಅಪಘಾತವಾಗಿ ತೀರಿಕೊಂಡರು.

"ಗಾಡಿ ಓಡಿಸ್ತಿದ್ದದ್ದು ಯಾರು?"

"ಡಾಸ್ ಅವರೇ."

ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಅಷ್ಟು ಜನರನ್ನು ಬಂಡೆಯಿಂದ ಇಳಿಸಿದ ಕೈ ಅಂತ ಹೇಳಲು ಹೊರಟವನು ನಾನೂ ಸುಮ್ನಾದೆ. ಎರಡು ವರ್ಷದ ನಂತರ ಡಾಸ್ ಫ್ರಾನ್ಸಸ್ ಎಂಬಾಕೆಯನ್ನು ಮದುವೆಯಾದರು, ಕೊನೆಗಾಲ ಅಲಬಾಮಾದ ಪೀಡ್‌ಮಂಟ್‌ನಲ್ಲಿ ಕಳೆದರು ಅನ್ನುವುದನ್ನು ಬಹಳ ಹೊತ್ತಿನ ಮೇಲೆ ಹೇಳಿದೆ. "ಒಳ್ಳೇದಾಯ್ತು, ಒಬ್ಬನೇ ಇರಲಿಲ್ಲ" ಅಂದರು ಅಮ್ಮ.

ರೈಸಿಂಗ್ ಫಾನ್‌ನಲ್ಲಿ ನೋಡಲು ಅಂತ ವಿಶೇಷ ಏನಿಲ್ಲ. ಹುಲ್ಲುಗಾವಲು, ದೂರದೂರಕ್ಕೆ ಒಂದೊಂದು ಮನೆ, ಪಕ್ಕದಲ್ಲಿ ಗೋಡೆ ಕಟ್ಟಿದಂತೆ ಬೆಟ್ಟ. ಡಾಸ್ ಮನೆ ಯಾವುದು ಅಂತ ಯಾರ ಬಾಗಿಲನ್ನೂ ತಟ್ಟಲಿಲ್ಲ. ರಸ್ತೆ ಬದಿ ಕಾರು ನಿಲ್ಲಿಸಿ ಫ್ಲಾಸ್ಕಿನ ಕಾಫಿ ಕುಡಿದೆವು.

ಅಷ್ಟರಲ್ಲಿ ಅಪ್ಪನ ಕಿವಿಯ ಮೆಷಿನ್ ಬ್ಯಾಟರಿ ಮುಗಿಯಿತು. ಬೇರೆ ಸೆಲ್ ಮನೆಯಲ್ಲೇ ಉಳಿದಿತ್ತು. ಅಪ್ಪ ಮೆಷಿನ್ ತೆಗೆದು ಜೇಬಿಗೆ ಹಾಕಿಕೊಂಡು ಬೆಟ್ಟದ ಕಡೆ ನೋಡುತ್ತ ನಿಂತರು. ಅಮ್ಮ ಹಿಂದಿನಿಂದ ಹೋಗಿ ಅವರ ಮೊಣಕೈ ತಟ್ಟಿದರು. ಗದ್ದೆಯಾಚೆ ಬೇಲಿಯ ಹತ್ತಿರ ಎರಡು ಜಿಂಕೆ ಮೇಯುತ್ತಿದ್ದವು. ಅಮ್ಮ ಬೆರಳು ತೋರಿಸಿದರು. ಅಪ್ಪ ನೋಡಿದರು, ತಲೆ ಆಡಿಸಿದರು, ಕಾಫಿ ಲೋಟ ಅಮ್ಮನ ಕೈಗೆ ಕೊಟ್ಟು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.